ಹೆಜ್ಜೆ ದಾಟಿಸುವ ಕಟ್ಟಳೆ

ಕಾನೂನು ಓದಿ ಬಂದ ಶಿಷ್ಯನೊಬ್ಬ ಗುರುವನ್ನು ಕೇಳಿದ: "ಗುರುಗಳೇ, ಒಂದು ದೇಶದಲ್ಲಿ ತಂಗಿದ ಭಯೋತ್ಪಾದಕರು ಗಡಿ ದಾಟಿ ಹೋಗಿ ಪಕ್ಕದ ದೇಶದ ಜನರನ್ನು ಕೊಲ್ಲುತ್ತಾರೆ. ಆ ದೇಶದ ಸರ್ಕಾರ, 'ಅವರು ನಾವು ಕಳಿಸಿದವರಲ್ಲ, ಇಲ್ಲಿದ್ದಾರೆಂಬುದೂ ಗೊತ್ತಿಲ್ಲ' ಎನ್ನುತ್ತದೆ. ಗೊತ್ತಿಲ್ಲದವರ ಮೇಲೆ ಹೊಣೆ ಹೊರಿಸುವುದು ಹೇಗೆ?"

ಗುರು ನಕ್ಕರು. "ಕೂತುಕೋ, ನಿಂತು ಕೇಳುವ ವಿಷಯವಲ್ಲ ಇದು," ಎಂದು ಕತೆ ತೆಗೆದರು.

ಹಿಂದೆ ಒಂದು ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ಕಳ್ಳರ, ಕೊಲೆಗಾರರ ಹೆಜ್ಜೆಯ ಜಾಡು ಯಾವ ಊರಿನ ಎಲ್ಲೆಯೊಳಗೆ ಹೋಗಿದೆಯೋ, ಆ ಊರಿನವರೇ ಅದನ್ನು ಮುಂದಕ್ಕೆ ಹುಡುಕಿ, ತಮ್ಮ ಎಲ್ಲೆಯಿಂದ ಹೊರಗೆ ಹೋಗಿದೆಯೆಂದು ತೋರಿಸಿಕೊಡಬೇಕು. ಹೆಜ್ಜೆ ದಾಟಿಸುವುದು ಎಂದು ಇದಕ್ಕೆ ಹೆಸರು. ದಾಟಿಸಲಾಗದಿದ್ದರೆ ಆ ಕಳ್ಳನನ್ನೋ ಕೊಲೆಗಾರನನ್ನೋ ತಾವೇ ಹಿಡಿದುಕೊಡಬೇಕು.

ಒಬ್ಬ ರೈತನ ತಮ್ಮ ಕಣದಲ್ಲಿ ರಾಗಿ ಕಾಯುತ್ತಿದ್ದ. ಎಲ್ಲಿಂದಲೋ ಬಂದ ಗುಂಪೊಂದು ಅವನನ್ನು ಕೊಂದು, ಬಣವೆಗೆ ಬೆಂಕಿ ಇಟ್ಟು, ಮತ್ತೆ ಬರುತ್ತೇವೆಂದು ಕೂಗಿಕೊಂಡು ಹೋಯಿತು. ಜಾಡು ಪಕ್ಕದೂರಿನ ಎಲ್ಲೆಕಲ್ಲನ್ನು ದಾಟಿತ್ತು. ರೈತ ಊರಿನ ಕೆಲವರೊಂದಿಗೆ ಅಲ್ಲಿಗೆ ಹೋದ. ಕಲ್ಲಿನ ಆಚೆ ನೆಲದ ತುಂಬ ಕುರಿಗಳ ಗೊರಸಿನ ಗುರುತು.

ಪಕ್ಕದೂರಿನ ಗೌಡ ಎದುರಿಗೇ ಬಂದ. ಅವನಿಗೆ ಯಾರೂ ಹೇಳಿಕಳಿಸಿರಲಿಲ್ಲ.

"ಸುದ್ದಿ ಕೇಳಿ ಹೊಟ್ಟೆ ಉರೀತು ಕಣಪ್ಪ. ಆದರೆ ನಮ್ಮೂರಿನವರು ಅಂಥವರಲ್ಲ."

"ನಿಮ್ಮೂರಿನವರು ಅಂತ ನಾನೆಲ್ಲಿ ಅಂದೆ ಗೌಡರೇ? ಹೆಜ್ಜೆ ನಿಮ್ಮ ಎಲ್ಲೆಯಿಂದ ಯಾವ ಕಡೆ ಹೊರಟಿತು, ಅಷ್ಟು ತೋರಿಸಿ."

"ಕುರಿ ತುಳಿದು ಹಾಕಿವೆ, ನಾನೇನು ಮಾಡಲಿ? ಕುರಿಗೆ ಕಟ್ಟಳೆ ಗೊತ್ತಾ? ಅನುಮಾನ ಇದ್ದರೆ ಮನೆ ಮನೆ ಹುಡುಕು. ನನ್ನ ಮನೆಯಿಂದಲೇ ಶುರು ಮಾಡು."

ಗೌಡ ಎಲ್ಲರ ಬಾಗಿಲನ್ನೂ ತೆಗೆಸಿದ. ತನಗೇನೂ ಗೊತ್ತಿಲ್ಲವೆಂದು ದೇವರ ಮೇಲೆ ಆಣೆ ಇಟ್ಟ. ಬಂದವರಿಗೆಲ್ಲ ಮಜ್ಜಿಗೆ ಕೊಡಿಸಿ, ತಾನು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರಿದ. ರೈತ ಅಟ್ಟಗಳನ್ನು ಹತ್ತಿ ಇಳಿದ, ಕಣಜಗಳಲ್ಲಿ ಇಣುಕಿದ. ಯಾರೂ ಸಿಗಲಿಲ್ಲ. ಮಜ್ಜಿಗೆ ಕುಡಿದವರು, ಇಷ್ಟು ಒಳ್ಳೆಯ ಮನುಷ್ಯನನ್ನು ಅನುಮಾನಿಸಬಾರದು ಎಂದರು. ರೈತ ಬರಿಗೈಯಲ್ಲಿ ಮರಳಿ, ಕೊಡಲಿ ಹಿಡಿದು, ತಮ್ಮನನ್ನು ಕೊಂದ ಕಣದಲ್ಲಿ ತಾನೇ ಕಾವಲಿಗೆ ಕೂತ.

ಗುರು ಕತೆ ನಿಲ್ಲಿಸಿದರು. ಗೌಡನದೇ ತಪ್ಪೆನ್ನುವ ಕತೆಯ ಧಾಟಿಯನ್ನು ಶಿಷ್ಯ ಒಪ್ಪಲಿಲ್ಲ.

"ಗೌಡನ ಮೇಲೆ ನನಗೂ ಅನುಮಾನವೇ. ಆದರೆ ಅನುಮಾನ ಸಾಕ್ಷಿಯಾಗುವುದಿಲ್ಲವಲ್ಲ? ಕುರಿಗಳು ತಾವಾಗಿಯೇ ಆ ಕಡೆ ಹೋಗಿರಬಹುದು. ಅವನಿಗೆ ನಿಜವಾಗಿಯೂ ಏನೂ ಗೊತ್ತಿಲ್ಲದೆ ಇರಬಹುದು. ಇದ್ದ ಬಾಗಿಲನ್ನೆಲ್ಲ ತೆಗೆಸಿದ. ಇನ್ನೇನು ಮಾಡಬೇಕಿತ್ತು?"

"ಆಯಿತು, ಅವನಿಗೆ ಏನೂ ಗೊತ್ತಿರಲಿಲ್ಲ ಅಂತಲೇ ಇಟ್ಟುಕೋ," ಎಂದರು ಗುರು.

ಶಿಷ್ಯ ಗೆದ್ದವನಂತೆ ತಲೆ ಎತ್ತಿದ.

"ಗೊತ್ತಿಲ್ಲದ ಆ ಮನುಷ್ಯ ಊರಿನ ಆಚೆ ಕಡೆಯ ಎಲ್ಲೆಗೆ ಹೋಗಿ, ಹೆಜ್ಜೆ ಹೊರಗೆ ಹೋಗಿದೆಯೇ ಎಂದು ಒಂದು ಸಲವಾದರೂ ಬಗ್ಗಿ ನೆಲ ನೋಡಿದನೇನಪ್ಪ?"