ಆರು ಎಲೆಯ ಆಟ, ಒಂದು ಜೊತೆ ಮೀಸೆ

"ಗಂಜೀಫಾದಲ್ಲಿ ನನ್ನನ್ನು ಸೋಲಿಸೋ ಗಂಡು ಇನ್ನೂ ಹುಟ್ಟಿಲ್ಲ! ಹುಟ್ಟಿದ್ದರೆ ಬರಲಿ. ಈ ಮೀಸೆ ಬೋಳಿಸಿ ಅವನ ಕೈಗೆ ಕೊಡ್ತೀನಿ!"

ಕೆಂಚನದುರ್ಗದ ಸಿಂಗಪ್ಪ ನಾಯಕರು ಹೀಗೆ ಗುಡುಗಿದಾಗಲೆಲ್ಲ ಸಭೆಯವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ಇಸ್ಪೀಟಿನಂಥ ಆ ಎಲೆಯಾಟದಲ್ಲಿ ನಾಯಕರು ಸೋತದ್ದೇ ಇಲ್ಲ, ನಿಜ. ಅವರನ್ನು ಸೋಲಿಸುವ ಧೈರ್ಯ ಯಾರಿಗೂ ಇರಲಿಲ್ಲ, ಅದೂ ನಿಜ. ಆಸ್ಥಾನದ ಮಾತುಗಾರ ತಿಪ್ಪರಸನಂತೂ ಗೆಲ್ಲುವ ಎಲೆ ಕೈಗೆ ಬಂದರೆ ಮೆಲ್ಲಗೆ ಅದರ ಮೇಲೆ ಕೂತುಬಿಡುತ್ತಿದ್ದ.

ಈ ಮೀಸೆಯ ಪಣದ ಸುದ್ದಿ ಕೇಳಿ ಒಂದು ದಿನ ಬಡಗಣ ಸೀಮೆಯಿಂದ ಮಲ್ಹಾರಿ ಪಂತ ಎಂಬ ಆಟಗಾರ ಬಂದ. ಎತ್ತಿನ ಮೇಲೆ ಹೇರಿಕೊಂಡು ಬಂದ ಪೆಟ್ಟಿಗೆಯಲ್ಲಿ ನೂರಾರು ಎಲೆಗಳ ಗಂಜೀಫಾ. ಯಾವ ಎಲೆ ಬಿತ್ತು, ಯಾವುದು ಯಾರ ಕೈಯಲ್ಲಿ ಉಳಿಯಿತು, ಎಲ್ಲ ಅವನ ತಲೆಯಲ್ಲಿ ಅಚ್ಚಾಗಿರುತ್ತಿತ್ತು. ಪಾಪ, ದೊರೆಯ ಮುಂದೆ ಸೋಲಬೇಕೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಮಧ್ಯಾಹ್ನದ ಊಟದೊಳಗೆ ನಾಯಕರನ್ನು ಮಣ್ಣುಮುಕ್ಕಿಸಿ, ಒಂದು ಪುಟ್ಟ ಗಂಧದ ಡಬ್ಬಿಯ ಮುಚ್ಚಳ ತೆರೆದಿಟ್ಟ.

"ಮೀಸೆ ಇದರಲ್ಲಿ ಹಾಕಿಕೊಡಿ. ನಮ್ಮ ದೊರೆಗೆ ತೋರಿಸಬೇಕು."

ನಾಯಕರು ತಿಪ್ಪರಸನನ್ನು ಕಂಬದ ಮರೆಗೆ ಎಳೆದುಕೊಂಡು ಹೋದರು. "ಲೋ ತಿಪ್ಪರಸ, ಮೀಸೆ ಇಲ್ಲದ ನಾಯಕನ ಮಾತನ್ನ ಯಾವ ಸಿಪಾಯಿ ಕೇಳ್ತಾನೋ? ಏನಾದರೂ ಮಾಡು. ಈ ಮೀಸೆ ಹೋದರೆ ಅದರ ಹಿಂದೆ ನಿನ್ನ ತಲೆಯೂ ಹೋಗುತ್ತೆ!"

ತಿಪ್ಪರಸ ತನ್ನ ಕುತ್ತಿಗೆಯನ್ನೊಮ್ಮೆ ಮುಟ್ಟಿ ನೋಡಿಕೊಂಡ. ಆದರೂ ಮುಖದ ತುಂಬ ನಗು ಹರಡಿಕೊಂಡು ಪಂತನ ಎದುರು ಬಂದು ಕೂತ.

"ಪಂತರೇ, ಮೀಸೆ ನಿಮ್ಮದೇ. ಎಲ್ಲಿಗೂ ಓಡಿಹೋಗಲ್ಲ. ಅದಕ್ಕೆ ಮೊದಲು ನನ್ನ ಜೊತೆ ಒಂದು ಸಣ್ಣ ಆಟ. ನೀವು ಸೋತರೆ ಮೀಸೆ ಅಲ್ಲೇ ಇರಲಿ. ಗೆದ್ದರೆ ನಮ್ಮ ದೊರೆಯ ಹುಬ್ಬನ್ನೂ ಬೋಳಿಸಿಕೊಳ್ಳಿ."

"ಏನಂದೆ?" ಎಂದು ನಾಯಕರು ಎರಡೂ ಕೈಯಿಂದ ಹುಬ್ಬು ಮುಚ್ಚಿಕೊಂಡರು.

ಪಂತನಿಗೆ ಖುಷಿಯೋ ಖುಷಿ. "ಎಷ್ಟು ಎಲೆಯ ಆಟ?"

ತಿಪ್ಪರಸ ಸೊಂಟದಿಂದ ಆರೇ ಎಲೆ ತೆಗೆದ. "ನಿಮಗೆ ಮೂರು, ನನಗೆ ಮೂರು. ರಾಜ, ಮಂತ್ರಿ, ಸಿಪಾಯಿ. ರಾಜನ ಮುಂದೆ ಮಂತ್ರಿ ಸೋಲ್ತಾನೆ. ಮಂತ್ರಿಯ ಮುಂದೆ ಸಿಪಾಯಿ ಸೋಲ್ತಾನೆ. ಆದರೆ ಸಿಪಾಯಿ ತಿರುಗಿಬಿದ್ದರೆ ರಾಜನೇ ಉರುಳ್ತಾನೆ. ಇಬ್ಬರೂ ಒಂದೊಂದು ಎಲೆ ಮಗುಚಿ ಇಟ್ಟು, ಆಮೇಲೆ ತೆರೆಯೋದು. ತೆರೆದ ಎಲೆ ಮತ್ತೆ ಅವರವರ ಕೈಗೇ ವಾಪಸು. ಎರಡು ಸಲ ಗೆದ್ದವನು ಗೆದ್ದ."

"ಇಷ್ಟೇನಾ? ನಮ್ಮೂರಲ್ಲಿ ತೊಟ್ಟಿಲ ಕೂಸು ಆಡುತ್ತೆ ಇದನ್ನ!"

"ಇನ್ನೊಂದೇ ಮಾತು." ತಿಪ್ಪರಸ ಹೊತ್ತು ಅಳೆಯುವ ಗಳಿಗೆ ಬಟ್ಟಲನ್ನೂ ನೀರು ತುಂಬಿದ ಕೊಪ್ಪರಿಗೆಯನ್ನೂ ತರಿಸಿದ. ತಳದಲ್ಲಿ ಸಣ್ಣ ತೂತಿದ್ದ ತಾಮ್ರದ ಬಟ್ಟಲು ಅದು. ತೇಲಿಬಿಟ್ಟರೆ ಮೆಲ್ಲಗೆ ನೀರು ತುಂಬಿ ಮುಳುಗುತ್ತದೆ. "ಬಟ್ಟಲು ಮುಳುಗೋದರೊಳಗೆ ಎಲೆ ಇಡಬೇಕು. ಇಡದವನು ಸೋತ."

"ಬಟ್ಟಲು ಯಾಕಯ್ಯ? ರೆಪ್ಪೆ ಬಡಿಯೋದರೊಳಗೆ ಇಡ್ತೀನಿ!"

ಆಟ ಶುರುವಾಯಿತು. ತಿಪ್ಪರಸ ಒಂದು ಎಲೆ ಇಟ್ಟು, "ನಾನು ರಾಜನನ್ನ ಇಟ್ಟಿದ್ದೀನಿ" ಅಂದ.

ಪಂತ ಮುಗುಳ್ನಗುತ್ತ ಸಿಪಾಯಿ ಇಟ್ಟ. ತೆರೆದರೆ ತಿಪ್ಪರಸನದು ಮಂತ್ರಿ! ಸಭೆ ಹೋ ಎಂದಿತು.

ಎರಡನೇ ಸಲವೂ ತಿಪ್ಪರಸ, "ಈ ಸಲ ನಿಜವಾಗಲೂ ರಾಜ" ಅಂದ.

"ಸುಳ್ಳ! ಮತ್ತೆ ಮಂತ್ರಿಯನ್ನೇ ಇಟ್ಟಿದ್ದೀಯ" ಎಂದು ಪಂತ ರಾಜನನ್ನು ಇಟ್ಟ. ತೆರೆದರೆ ಮಂತ್ರಿಯೇ. ಪಂತ ಗೆದ್ದ. ನಾಯಕರ ಹುಬ್ಬು ಬೆವರಿತು.

"ನಿನ್ನ ಮುಖ ನನಗೆ ತೆರೆದಿಟ್ಟ ಓಲೆಗರಿ ಕಣಯ್ಯ" ಎಂದು ಪಂತ ಬೀಗಿದ.

"ಹಾಗಾದರೆ ಈ ಸಲ ನಾನು ಬಾಯೇ ಬಿಡಲ್ಲ. ಮುಖ ನೋಡಿಯೇ ಹೇಳಿ."

ಬಟ್ಟಲು ತೇಲಿತು. ತಿಪ್ಪರಸ ಶಲ್ಯದೊಳಗೆ ಕೈಯಾಡಿಸಿ ಒಂದು ಎಲೆಯನ್ನು ಸರಕ್ಕನೆ ಹೊರಗೆ ಜಾರಿಸಿಟ್ಟು, ಬಾಯಿಗೆ ವೀಳ್ಯ ಹಾಕಿಕೊಂಡ.

ಪಂತ ಅವನ ಕಣ್ಣು ನೋಡಿದ. ಏನೂ ಇಲ್ಲ. ಮೂಗು ನೋಡಿದ. ಏನೂ ಇಲ್ಲ. ಎದ್ದುಹೋಗಿ ಕಿವಿಯ ಹಿಂದೆಯೂ ನೋಡಿ ಬಂದ.

"ಎರಡು ಸಲ ಮಂತ್ರಿ ಇಟ್ಟ. ಮೂರನೆಯದಕ್ಕೂ ಮಂತ್ರಿಯೇ ಇರಬೇಕು. ಹಾಗಾದರೆ ನಾನು ರಾಜನನ್ನ ಇಡಬೇಕು" ಎಂದು ಗೊಣಗಿ ಎಲೆ ಎತ್ತಿದ. ಕೈ ಅಲ್ಲೇ ನಿಂತಿತು. "ತಡಿ, ನಾನು ರಾಜನನ್ನ ಇಡ್ತೀನಂತ ಇವನಿಗೆ ಗೊತ್ತಲ್ಲ? ಸಿಪಾಯಿ ಇಟ್ಟಿರ್ತಾನೆ. ಹಾಗಾದರೆ ನಾನು ಮಂತ್ರಿ. ಅಯ್ಯೋ, ಅದೂ ಗೊತ್ತಾಗಿರುತ್ತೆ ಇವನಿಗೆ! ರಾಜನನ್ನ ಇಟ್ಟಿರ್ತಾನೆ. ಹಾಗಾದರೆ ಸಿಪಾಯಿ. ಸಿಪಾಯಿ ಅಂದರೆ ಇವನು ಮಂತ್ರಿ... ಮಂತ್ರಿ ಅಂದರೆ ನಾನು ರಾಜ... ಎಲ್ಲಿಂದ ಹೊರಟೆನೋ ಅಲ್ಲಿಗೇ ಬಂದೆನಲ್ಲಪ್ಪಾ!"

ಮತ್ತೆ ಮೊದಲಿಂದ ಶುರು ಮಾಡಿದ. ಪೇಟ ಬಿಚ್ಚಿದ. ತಲೆ ಕೆರೆದುಕೊಂಡ. ಸಭೆಯವರು ಉಸಿರು ಬಿಗಿಹಿಡಿದು ಬಟ್ಟಲು ನೋಡುತ್ತಿದ್ದರು. ತಿಪ್ಪರಸ ನೆಮ್ಮದಿಯಾಗಿ ವೀಳ್ಯ ಮೆಲ್ಲುತ್ತಿದ್ದ.

ಪಂತ ಕೊನೆಗೆ ಕಣ್ಣು ಮುಚ್ಚಿ, "ಸಿಪಾಯಿಯೇ ಸರಿ!" ಎಂದು ಕೈ ಎತ್ತುವಷ್ಟರಲ್ಲಿ ಗುಳುಂ ಎಂದು ಸದ್ದಾಯಿತು.

ಬಟ್ಟಲು ಮುಳುಗಿತ್ತು.

ಸಭೆ ಕುಣಿಯಿತು. ನಾಯಕರು ಮೀಸೆಗೊಮ್ಮೆ ಹುಬ್ಬಿಗೊಮ್ಮೆ ಮುತ್ತಿಡಲು ಹೋಗಿ, ಆಗದೆ, ಬೆರಳಲ್ಲೇ ಸವರಿಕೊಂಡರು. ಪಂತ ಮಾತ್ರ ಅಂಗಲಾಚಿದ: "ಸೋತೆ ಮಹರಾಯ, ಒಪ್ಪಿದೆ. ನಿನ್ನ ಎಲೆ ಯಾವುದು ಅಂತ ಮಾತ್ರ ಹೇಳಿಬಿಡು. ಇಲ್ಲದಿದ್ದರೆ ನನಗೆ ಅನ್ನ ಸೇರಲ್ಲ!"

"ನನಗೇನು ಗೊತ್ತು ಪಂತರೇ?" ಅಂದ ತಿಪ್ಪರಸ. "ಶಲ್ಯದೊಳಗೆ ಮೂರನ್ನೂ ಕಲಸಿ, ಕೈಗೆ ಸಿಕ್ಕಿದ್ದನ್ನ ಇಟ್ಟೆ. ನನ್ನ ತಲೆಯಲ್ಲೇ ಇಲ್ಲದ್ದು ನನ್ನ ಮುಖದಲ್ಲಿ ಎಲ್ಲಿಂದ ಕಾಣಬೇಕು?"

ಪಂತ ಹಣೆ ಹಣೆ ಚಚ್ಚಿಕೊಂಡ. ನಾಯಕರ ನಗು ಮಾತ್ರ ಥಟ್ಟನೆ ನಿಂತಿತು.

"ಏನಂದೆ? ನನ್ನ ಮೀಸೆ, ಹುಬ್ಬು ಎರಡನ್ನೂ ಪಣಕ್ಕಿಟ್ಟು, ಎಲೆ ನೋಡದೇ ಆಡಿದೆಯೇನೋ ಪಾಪಿ?"

ತಿಪ್ಪರಸ ಕೈ ಮುಗಿದ. "ಏನು ಮಾಡಲಿ ದೊರೆ? ನೋಡಿ ಆಡಿದರೆ ಏನಾಗುತ್ತೆ ಅಂತ ತಾವು ಬೆಳಿಗ್ಗೆಯೇ ತೋರಿಸಿಕೊಟ್ಟಿದ್ದಿರಲ್ಲ!"

ಸಭೆಯವರೆಲ್ಲ ನಾಯಕರ ಮುಖ ನೋಡಿದರು. ಆಮೇಲೆ ನಾಯಕರ ಮೀಸೆಯ ಒಂದು ತುದಿ ಅಲುಗಿತು. ಇನ್ನೊಂದು ತುದಿಯೂ ಅಲುಗಿತು. ನಗು ತಡೆಯಲಾರದೆ ಅವರು ಗದ್ದುಗೆಯಿಂದಲೇ ಜಾರಿ ಬಿದ್ದರು. ಬಿದ್ದಲ್ಲಿಂದಲೇ ಕೊರಳ ಸರ ತೆಗೆದು ತಿಪ್ಪರಸನತ್ತ ಎಸೆದರು.