ಬಂಡೆಯ ಮೇಲೆ ಕಂಡದ್ದು

“ಗುರುಗಳೇ, ದೂರದ ಸತ್ಯವನ್ನು ಹತ್ತಿರ ಕಾಣಲು ಎರಡು ದಾರಿಗಳಿವೆ ಎನ್ನುತ್ತಾರೆ. ಒಂದು ಓದು, ಇನ್ನೊಂದು ಧ್ಯಾನ. ಎರಡರಲ್ಲಿ ಯಾವುದು ಮೇಲು?” ಎಂದು ಶಿಷ್ಯ ಚೆನ್ನವೀರ ಕೇಳಿದ.

“ಎಷ್ಟು ದಿನದಿಂದ ಈ ಪ್ರಶ್ನೆ ನಿನ್ನಲ್ಲಿದೆ?” ಎಂದರು ಗುರುಗಳು.

“ಎರಡು ವರ್ಷದಿಂದ ತೂಗಿ ನೋಡುತ್ತಿದ್ದೇನೆ. ಖಚಿತವಾದ ಮೇಲೆ ಹೆಜ್ಜೆ ಇಡೋಣವೆಂದು ಕಾದಿದ್ದೇನೆ.”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವರ್ತಕನಿದ್ದ. ಕ್ಯಾಮೆರಾ ಮಾರುವುದು ಅವನ ಕಸುಬು. ಊರಿನ ಪಕ್ಕಕ್ಕೇ ಅಣೆಕಟ್ಟೆಯ ಹಿನ್ನೀರು. ಅವನ ಮನೆಯ ತಾರಸಿಯ ಮೇಲೆ ನಿಂತರೆ ಕಣ್ಣು ಹೋದಷ್ಟು ದೂರವೂ ನೀರು ಕಾಣುತ್ತಿತ್ತು.

ವರ್ತಕ ನ್ಯಾಯವಂತ. ಎರಡು ವಸ್ತುಗಳನ್ನು ಮುಂದಿಟ್ಟು ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ, ಎರಡನ್ನೂ ತಾನೇ ಬಳಸಿ ನೋಡದೆ ಬಾಯಿ ಬಿಡುತ್ತಿರಲಿಲ್ಲ. ಹಾಗಾಗಿ ಸುತ್ತಲಿನ ಊರುಗಳಲ್ಲಿ ಅವನ ಮಾತಿಗೆ ಬೆಲೆಯಿತ್ತು. ಆ ಬೆಲೆ ಅವನಿಗೂ ಗೊತ್ತಿತ್ತು.

ಒಮ್ಮೆ ಹಕ್ಕಿಗಳನ್ನು ಎಣಿಸುವ ಸಂಘದವರು ಅವನ ಅಂಗಡಿಗೆ ಬಂದರು. ಹಿನ್ನೀರಿನ ಹಕ್ಕಿಗಳನ್ನು ದಡದಲ್ಲೇ ನಿಂತು ನೋಡಲು ಅವರಿಗೆ ಒಂದು ಕ್ಯಾಮೆರಾ ಬೇಕಿತ್ತು. ಎರಡು ಅವರ ಮನಸ್ಸಿನಲ್ಲಿದ್ದವು. ಒಂದು ಕಪ್ಪು, ಇನ್ನೊಂದು ಬೂದು. ಯಾವುದನ್ನು ಕೊಳ್ಳಬೇಕು ಎಂದು ಕೇಳಿದರು.

“ಐದು ದಿನ ಕೊಡಿ. ಆಮೇಲೆ ಹೇಳುತ್ತೇನೆ” ಎಂದ ವರ್ತಕ.

ಎರಡೂ ದೂರದ್ದನ್ನು ಹತ್ತಿರ ತರುವ ಕ್ಯಾಮೆರಾಗಳೇ. ಆದರೆ ಎರಡರ ಗುಣ ಬೇರೆ. ಕಪ್ಪು ಕ್ಯಾಮೆರಾದ ಜೂಮ್ ಬಹಳ ಉದ್ದ. ಮೈಲಿಯಾಚೆಗಿನದನ್ನೂ ಅಂಗೈಗೆ ತಂದು ಕೊಡುತ್ತಿತ್ತು. ಆದರೆ ಅದರ ಚಿತ್ರ ಮಂಕು, ರವೆ ಚೆಲ್ಲಿದಂತೆ ಕಾಳು ಕಾಳು. ಬೂದು ಕ್ಯಾಮೆರಾ ಅಷ್ಟು ದೂರ ಹೋಗುತ್ತಿರಲಿಲ್ಲ. ಆದರೆ ಹೋದಷ್ಟು ದೂರವನ್ನು ತೊಳೆದಿಟ್ಟಂತೆ ತೋರಿಸುತ್ತಿತ್ತು. ಬೆಳಕನ್ನು ಹಿಡಿಯುವ ಒಳಗಿನ ಸೆನ್ಸರ್ ಮಾತ್ರ ಎರಡರಲ್ಲೂ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಅಷ್ಟು ಸಣ್ಣ ಕಣ್ಣು ತನಗೆ ಕಾಣದ ಕಡೆ ಊಹೆಯಿಂದ ತುಂಬಿಕೊಳ್ಳುತ್ತದೆ ಎಂಬುದು ವರ್ತಕನಿಗೆ ತಿಳಿದಿತ್ತು. ಯಾವುದು ಎಷ್ಟು ಊಹಿಸುತ್ತದೆ ಎಂಬುದನ್ನೇ ಅವನು ಕಂಡುಹಿಡಿಯಬೇಕಿತ್ತು.

ಮೊದಲನೆಯ ದಿನ ಬೆಳಿಗ್ಗೆ ಅವನು ತಾರಸಿಯ ಮೇಲೆ ಎರಡು ಸ್ಟ್ಯಾಂಡುಗಳನ್ನು ಊರಿ, ಎರಡು ಕ್ಯಾಮೆರಾಗಳನ್ನೂ ಒಂದೇ ಕಡೆಗೆ ತಿರುಗಿಸಿದ. ಎರಡು ಮೈಲಿ ದೂರದಲ್ಲಿ, ನೀರಿನ ನಡುವೆ, ಒಂದು ಬಂಡೆಯ ನೆತ್ತಿ ಎದ್ದಿತ್ತು. ಪರೀಕ್ಷೆಗೆ ಅದನ್ನೇ ಗುರಿ ಮಾಡಿಕೊಂಡ. ಎರಡರಿಂದಲೂ ಒಂದೊಂದು ಚಿತ್ರ ತೆಗೆದು ಕೆಳಗಿಳಿದು ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದ.

ಕಪ್ಪು ಕ್ಯಾಮೆರಾದ ಚಿತ್ರದಲ್ಲಿ ಬಂಡೆಯ ಮೇಲೆ ಒಬ್ಬ ಮನುಷ್ಯ ನಿಂತಿದ್ದ.

ಬೂದು ಕ್ಯಾಮೆರಾದ ಚಿತ್ರದಲ್ಲಿ ಬಂಡೆಯ ಮೇಲೆ ಒಂದು ಕಂಬವಿತ್ತು.

ವರ್ತಕನಿಗೆ ಸಂತೋಷವಾಯಿತು. ಹೋಲಿಸಲು ಇದಕ್ಕಿಂತ ಒಳ್ಳೆಯ ಗುರಿ ಸಿಗದು. ಪುಸ್ತಕದಲ್ಲಿ ಬರೆದುಕೊಂಡ: ಕಪ್ಪು, ಮನುಷ್ಯ. ಬೂದು, ಕಂಬ.

ಎರಡನೆಯ ದಿನ ಅದೇ ಹೊತ್ತಿಗೆ ಮತ್ತೆ ತೆಗೆದ. ಮೇಲಿನ ಸೀಮೆಯಲ್ಲಿ ಮಳೆಯಾಗಿ ಹಿನ್ನೀರು ಏರತೊಡಗಿತ್ತು. ಬಂಡೆ ಮುಳುಗಿತ್ತು. ಕಪ್ಪಿನಲ್ಲಿ ಮನುಷ್ಯನ ಮೊಣಕಾಲಿನವರೆಗೆ ನೀರು. ನಿನ್ನೆ ಸ್ವಲ್ಪ ಪಕ್ಕಕ್ಕೆ ತಿರುಗಿದ್ದವನು ಇಂದು ನೇರವಾಗಿ ಕ್ಯಾಮೆರಾದ ಕಡೆಗೇ ಮುಖ ಮಾಡಿದ್ದ. ಬೂದಿನಲ್ಲಿ ಕಂಬ ನಿನ್ನೆಗಿಂತ ಗಿಡ್ಡವಾಗಿತ್ತು.

ವರ್ತಕನ ಹೆಂಡತಿ ಹಿಂದೆ ಬಂದು ನಿಂತು ಎರಡು ಚಿತ್ರಗಳನ್ನೂ ನೋಡಿದಳು.

“ಇವನು ನಮ್ಮನ್ನೇ ನೋಡುತ್ತಿದ್ದಾನಲ್ರೀ” ಎಂದಳು.

“ಎರಡು ಮೈಲಿಯಿಂದ ನಮ್ಮನ್ನು ಹೇಗೆ ನೋಡುತ್ತಾನೆ? ಅವನು ಮನುಷ್ಯನೋ ಅಲ್ಲವೋ ಎಂಬುದೇ ಇನ್ನೂ ತೀರ್ಮಾನವಾಗಿಲ್ಲ.”

“ದೋಣಿಯವರನ್ನು ಕರೆದುಕೊಂಡು ಹೋಗಿ ನೋಡಿ ಬರಬಾರದೇ?”

ವರ್ತಕ ಬೇಡವೆಂದು ತಲೆಯಾಡಿಸಿದ. “ಹೋಗಿ ನೋಡಿದರೆ ಉತ್ತರ ಮೊದಲೇ ತಿಳಿದುಬಿಡುತ್ತದೆ. ಆಮೇಲೆ ನಾನು ಒಂದರ ಪರ ವಾಲುತ್ತೇನೆ. ಹೋಲಿಕೆ ಕೆಡುತ್ತದೆ.”

ಇದು ಅವನು ನೆಪಕ್ಕೆ ಹೇಳಿದ ಮಾತಲ್ಲ. ಅವನು ಹಾಗೆಯೇ ನಂಬಿದ್ದ.

ಮೂರನೆಯ ದಿನ ಅವನು ಎಂದಿಗಿಂತ ಬೇಗ ತಾರಸಿಗೆ ಹೋದ. ಕೆಳಗಿಳಿದು ನೋಡಿದ. ಕಪ್ಪಿನಲ್ಲಿ ನೀರು ಮನುಷ್ಯನ ಸೊಂಟಕ್ಕೆ ಬಂದಿತ್ತು. ಅವನ ಒಂದು ಕೈ ಮೇಲಕ್ಕೆದ್ದಿತ್ತು.

ಬೂದಿನಲ್ಲಿ ಕಂಬಕ್ಕೆ ಒಂದು ಕೊಂಬೆ ಮೂಡಿತ್ತು.

ವರ್ತಕ ಬಹಳ ಹೊತ್ತು ಆ ಕೊಂಬೆಯನ್ನೇ ನೋಡುತ್ತ ಕುಳಿತ. ನೆಟ್ಟ ಕಂಬ ಚಿಗುರುವುದಿಲ್ಲ. ಆದರೂ ಬೂದು ಕ್ಯಾಮೆರಾ ಅದನ್ನು ಮನುಷ್ಯ ಎನ್ನುತ್ತಿರಲಿಲ್ಲ. ಎಷ್ಟು ದೊಡ್ಡದು ಮಾಡಿದರೂ ಅದು ಕಂಬ, ಅದಕ್ಕೊಂದು ಕೊಂಬೆ. ಅಂಚುಗಳು ಸ್ವಚ್ಛವಾಗಿದ್ದವು. ಅನುಮಾನಕ್ಕೆ ಜಾಗವೇ ಇರಲಿಲ್ಲ.

ಅವನು ಕಪ್ಪಿನ ಮೂರು ದಿನದ ಚಿತ್ರಗಳನ್ನು ಸಾಲಾಗಿ ಇಟ್ಟ. ಆಗ ಅವನಿಗೆ ಇನ್ನೊಂದು ಕಂಡಿತು. ಮೂರರಲ್ಲೂ ಮುಖದ ಕೆಳಭಾಗದಲ್ಲಿ ಒಂದು ಕಪ್ಪು ಚುಕ್ಕೆ. ಮೂರರಲ್ಲೂ ಒಂದೇ ಆಕಾರ. ಉರುಟು.

“ಬಾಯಿ ತೆರೆದಿದ್ದಾನೆ” ಎಂದಳು ಹೆಂಡತಿ.

“ಅದು ಚಿತ್ರದ ಕಾಳಿರಬಹುದು.”

“ಮೂರು ದಿನವೂ ಒಂದೇ ಕಡೆ ಕಾಳು ಬೀಳುತ್ತದೆಯೇ? ಅವನು ಏನೋ ಅನ್ನುತ್ತಿದ್ದಾನೆ.”

ಅವಳು ಚಿತ್ರವನ್ನು ನೋಡುತ್ತ ತನ್ನ ಬಾಯಿಯನ್ನೂ ಹಾಗೆಯೇ ಉರುಟು ಮಾಡಿದಳು. ಏನು ಬರುತ್ತದೋ ನೋಡೋಣ ಎಂಬಂತೆ ಉಸಿರು ಬಿಟ್ಟಳು.

“ಓ…”

ಆ ಕೋಣೆಯಲ್ಲಿ ಅದು ಅವಳ ದನಿಯಂತೆ ಕೇಳಲಿಲ್ಲ. ಬಹಳ ದೂರದಿಂದ, ನೀರಿನ ಮೇಲೆ ಹಾದು ಬಂದಂತೆ ಕೇಳಿತು. ಅವಳು ಥಟ್ಟನೆ ಬಾಯಿಗೆ ಸೆರಗು ಒತ್ತಿಕೊಂಡಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ವರ್ತಕನಿಗೆ ಎದ್ದು ಹೋಗಬೇಕೆನಿಸಿತು. ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದ. ಅಲ್ಲಿ ನಿಂತು ಯೋಚಿಸಿದ. ಮೂರು ದಿನ ಕಳೆದಿದೆ. ಇನ್ನು ಎರಡೇ ದಿನ. ಒಂದು ಮಂಕು ಚುಕ್ಕೆಯನ್ನು ನಂಬಿ ದೋಣಿಯವರನ್ನು ಎಬ್ಬಿಸಿದರೆ, ಅಲ್ಲಿ ಬರಿಯ ಕಂಬವಿದ್ದರೆ, ಊರು ನಗುತ್ತದೆ. ಇವನಿಗೆ ಮನುಷ್ಯನಿಗೂ ಮರಕ್ಕೂ ವ್ಯತ್ಯಾಸ ತಿಳಿಯದು ಎನ್ನುತ್ತದೆ. ನಾಳೆ ಒಂದು ಚಿತ್ರ ತೆಗೆದರೆ ಎಲ್ಲವೂ ಸ್ಪಷ್ಟವಾಗಬಹುದು.

ಅವನು ಚಪ್ಪಲಿ ಬಿಟ್ಟು ಒಳಗೆ ಬಂದ.

ನಾಲ್ಕನೆಯ ದಿನ ಎರಡು ಕ್ಯಾಮೆರಾಗಳೂ ಒಂದೇ ಮಾತು ಹೇಳಿದವು. ಕಪ್ಪಿನಲ್ಲಿ ನೀರು. ಬೂದಿನಲ್ಲಿ ನೀರು. ಬಂಡೆಯಿದ್ದ ಕಡೆ ಮನುಷ್ಯನೂ ಇಲ್ಲ, ಕಂಬವೂ ಇಲ್ಲ, ಕೊಂಬೆಯೂ ಇಲ್ಲ.

ವರ್ತಕ ಪುಸ್ತಕ ತೆಗೆದ. ‘ಎರಡೂ ಒಪ್ಪುತ್ತವೆ’ ಎಂದು ಬರೆಯಲು ಹೊರಟ. ‘ಎರಡೂ’ ಎಂದು ಬರೆಯುವಷ್ಟರಲ್ಲಿ ಪೆನ್ನು ಕೆಳಗೆ ಬಿತ್ತು. ಅವನು ಬರಿಗಾಲಿನಲ್ಲೇ ದಡಕ್ಕೆ ಓಡಿದ.

ಅದು ಹಿನ್ನೀರಿನಲ್ಲಿ ಮೀನು ಹಿಡಿಯಬಾರದೆಂದು ನಿಲ್ಲಿಸಿದ್ದ ತಿಂಗಳು. ದಡದಲ್ಲಿ ಹರಿಗೋಲುಗಳನ್ನು ಬೋರಲು ಹಾಕಿದ್ದರು. ಒಬ್ಬ ಮುದಿ ಅಂಬಿಗ ಮಾತ್ರ ಬಲೆಯ ಹರುಕು ಹೊಲಿಯುತ್ತ ಕುಳಿತಿದ್ದ. ವರ್ತಕ ಏದುಸಿರು ಬಿಡುತ್ತ ಬಂಡೆಯ ವಿಷಯ ಹೇಳಿದ. ಅಂಬಿಗ ಮರುಮಾತಾಡದೆ ಎದ್ದು ಹರಿಗೋಲನ್ನು ನೀರಿಗೆ ತಳ್ಳಿದ. ಕಪ್ಪು ಯಾವುದು, ಬೂದು ಯಾವುದು ಎಂದು ಅವನು ಕೇಳಲಿಲ್ಲ.

ಬಂಡೆ ಎದೆಮಟ್ಟದ ನೀರಿನಡಿಯಲ್ಲಿತ್ತು. ಅದರ ಬಿರುಕಿನಲ್ಲಿ ಒಂದು ಟವೆಲ್ ಬಿಗಿಯಾಗಿ ಗಂಟು ಹಾಕಿ ಸಿಕ್ಕಿಸಿತ್ತು. ಅದರ ತುದಿ ಮೇಲಕ್ಕೆ ತೇಲಿ ಮೆಲ್ಲಗೆ ಆಡುತ್ತಿತ್ತು. ಹಿಡಿದುಕೊಂಡು ನಿಲ್ಲಲು ಯಾರೋ ಕಟ್ಟಿದ ಗಂಟು. ಅಂಬಿಗ ಬಗ್ಗಿ ಟವೆಲಿನ ತುದಿಯನ್ನು ಮುಟ್ಟಿದ.

“ಇದು ನಮ್ಮ ಹುಲಿಗೆಪ್ಪನದು” ಎಂದ. “ಮಗಳ ಊರಿಗೆ ಹೋಗುತ್ತೇನೆ ಎಂದು ಹೇಳಿ ಹೋಗಿದ್ದ. ಕದ್ದು ಬಲೆ ಬಿಡಲು ಬಂದಿದ್ದಾನೆ. ಹರಿಗೋಲು ಕೈತಪ್ಪಿ ಹೋಗಿದೆ. ಹೊಳೆ ನುಗ್ಗಿ ಬರುವಾಗ ಇಲ್ಲಿಂದ ಈಜಿ ದಡ ಸೇರುವುದು ಯಾರ ಕೈಲೂ ಆಗದು. ಯಾರಾದರೂ ಕಾಣಲಿ ಎಂದು ನಿಂತಿದ್ದಾನೆ.”

ವರ್ತಕ ತಲೆಯೆತ್ತಿ ಊರಿನ ಕಡೆ ನೋಡಿದ. ಕೈಯಲ್ಲಿ ಯಾವ ಕ್ಯಾಮೆರಾವೂ ಇರಲಿಲ್ಲ. ಬರಿಗಣ್ಣಿಗೇ ಅವನ ಮನೆಯ ತಾರಸಿ ಗುರುತು ಸಿಕ್ಕಿತು. ಏಕೆಂದರೆ ಅದರ ಮೇಲೆ ಎರಡು ಕಿಡಿಗಳು ಹೊಳೆಯುತ್ತಿದ್ದವು. ಬಿಸಿಲು ಬಿದ್ದ ಎರಡು ಗಾಜುಗಳು. ಪಕ್ಕಪಕ್ಕದಲ್ಲಿ, ಎರಡು ಕಣ್ಣುಗಳಂತೆ, ರೆಪ್ಪೆ ಬಡಿಯದೆ ಅವು ಬಂಡೆಯನ್ನೇ ನೋಡುತ್ತಿದ್ದವು.

ಹುಲಿಗೆಪ್ಪ ಇದನ್ನು ಮೂರು ದಿನ ನೋಡಿದ್ದಾನೆ ಎಂದು ವರ್ತಕನಿಗೆ ಹೊಳೆಯಿತು. ನನ್ನನ್ನು ಕಂಡಿದ್ದಾರೆ, ಇನ್ನೇನು ಬರುತ್ತಾರೆ ಎಂದುಕೊಂಡಿದ್ದಾನೆ. ಕಿಡಿಗಳು ಕಂಡಾಗಲೆಲ್ಲ ಅವುಗಳ ಕಡೆ ತಿರುಗಿ ಕೂಗಿದ್ದಾನೆ.

ಹರಿಗೋಲು ಬಂಡೆಯ ಸುತ್ತ ಒಂದು ಸುತ್ತು ತಿರುಗಿತು. ಅಂಬಿಗ ಎದ್ದು ನಿಂತು, ಎರಡು ಕೈಗಳನ್ನೂ ಬಾಯಿಗೆ ಹಿಡಿದು, ಹರಿವಿನ ಕಡೆಗೆ ಕೂಗಿದ.

“ಓ…”

ಸ್ವಲ್ಪ ಹೊತ್ತಿನ ಮೇಲೆ ಕೆಳಗಿನ ಗುಡ್ಡದ ಕಡೆಯಿಂದ ಒಂದು ದನಿ ಬಂತು. ಅದೇ ಒಂದು ಅಕ್ಷರ. ಗುಡ್ಡ ಹಿಂದಿರುಗಿಸಿದ ಕೂಗೋ, ಬೇರೆ ಯಾರದೋ, ಇಬ್ಬರಿಗೂ ತಿಳಿಯಲಿಲ್ಲ. ಅಂಬಿಗ ವರ್ತಕನ ಮುಖ ನೋಡಿದ. ವರ್ತಕ ಈ ಸಲ ತಿಳಿಯುವವರೆಗೆ ಕಾಯಲಿಲ್ಲ. ಹುಟ್ಟನ್ನು ಅಂಬಿಗನ ಕೈಯಿಂದ ಕಿತ್ತುಕೊಂಡು ಆ ದನಿಯ ಕಡೆಗೆ ಹಾಕತೊಡಗಿದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಚೆನ್ನವೀರ ಮುಂದಿನ ಮಾತಿಗೆ ಕಾದ. ಅವನು ಮನಸ್ಸಿನಲ್ಲೇ ಏನನ್ನೋ ಕೂಡಿಸಿ ಕಳೆದು, ಕೊನೆಗೆ ಮುಖ ಅರಳಿಸಿಕೊಂಡು ಕೇಳಿದ:

“ಹಾಗಾದರೆ, ಗುರುಗಳೇ, ಎರಡರಲ್ಲಿ ಕಪ್ಪು ಕ್ಯಾಮೆರಾವೇ ಮೇಲು ಎಂದಾಯಿತಲ್ಲವೇ?”

ಗುರುಗಳು ಹೇಳಿದರು: “ಹುಲಿಗೆಪ್ಪ ಸಿಕ್ಕಿದನೇ ಎಂದು ನೀನು ಕೇಳಲಿಲ್ಲ.”