ಹೊಳೆಗೆ ಕ್ಷೌರ ಮಾಡಿದ ವಿಲ್ಫ್ರೆಡ್

ಇಂಗ್ಲೆಂಡಿನ ದಕ್ಷಿಣದಲ್ಲಿ ಸೀಮೆಸುಣ್ಣದ ಗುಡ್ಡಗಳಿವೆ. ನಿಮ್ಮ ಶಾಲೆಯ ಕರಿಹಲಗೆಯ ಮೇಲೆ ಬರೆಯುತ್ತಾರಲ್ಲ, ಅದೇ ಬಿಳಿ ಸುಣ್ಣ. ಚಳಿಗಾಲದ ಮಳೆಯನ್ನೆಲ್ಲ ಆ ಗುಡ್ಡಗಳು ಕುಡಿದು ಹೊಟ್ಟೆಯಲ್ಲಿಟ್ಟುಕೊಳ್ಳುತ್ತವೆ. ಬೇಸಿಗೆಯಲ್ಲಿ ಬುಡದ ಒರತೆಗಳಿಂದ ಸ್ವಲ್ಪಸ್ವಲ್ಪವೇ ಹೊರಗೆ ಬಿಡುತ್ತವೆ. ಆ ನೀರು ತಳದ ಕಲ್ಲು ಕಾಣುವಷ್ಟು ತಿಳಿ.

ಅಂಥ ಒಂದು ಹೊಳೆಯನ್ನು ಅಂಬ್ರೋಸ್ ಅಜ್ಜ ನಲವತ್ತು ವರ್ಷ ನೋಡಿಕೊಂಡಿದ್ದ. ಮಂಡಿನೋವು ಜೋರಾಗಿ ಸೇತುವೆಯ ಪಕ್ಕದ ತನ್ನ ಮನೆ ಸೇರಿದ ಮೇಲೆ, ತನ್ನ ಜಾಗಕ್ಕೆ ತಕ್ಕವನನ್ನು ತಾನೇ ಆರಿಸುತ್ತೇನೆಂದು ಹಟ ಹಿಡಿದ. ಆ ಕೆಲಸದ ಜೊತೆಗೆ ಹೊಳೆದಂಡೆಯಲ್ಲೊಂದು ಪುಟ್ಟ ಮನೆಯೂ ಸಿಗುತ್ತಿತ್ತು.

ಈ ಸಲ ಪರೀಕ್ಷೆಗೆ ಬಂದವನು ವಿಲ್ಫ್ರೆಡ್. ಇಪ್ಪತ್ತು ವರ್ಷ ದೊಡ್ಡ ಬಂಗಲೆಯೊಂದರ ತೋಟದ ಮಾಲಿಯಾಗಿದ್ದವನು. ಹುಲ್ಲಿನ ಒಂದೆಳೆ ಎತ್ತರವಾಗಿದ್ದರೂ ಅವನಿಗೆ ಊಟ ಸೇರುತ್ತಿರಲಿಲ್ಲ. ಅವನೂ ಹೆಂಡತಿ ಹೆಸ್ಟರಳೂ ಮದುವೆಯಾದಾಗಿನಿಂದ ಬೇರೆಯವರ ಮನೆಯ ಅಟ್ಟದ ಕೋಣೆಯಲ್ಲೇ ದಿನ ದೂಡಿದ್ದರು. ಹೊಳೆದಂಡೆಯ ಮನೆ ಕಂಡದ್ದೇ ಹೆಸ್ಟರ್ ಅಂಬ್ರೋಸನ ಎದುರಿಗೇ ಕಿಟಕಿ ಪರದೆಗೆ ಅಳತೆಯನ್ನೂ ತೆಗೆದುಕೊಂಡುಬಿಟ್ಟಳು.

ಅಂಬ್ರೋಸ್ ಅವನ ಕೈಗೆ ಉದ್ದ ಹಿಡಿಯ ಕುಡುಗೋಲು ಕೊಟ್ಟ. ಹೊಳೆಯ ತುಂಬ ಬಿಳಿ ಹೂವಿನ ನೀರುಬಳ್ಳಿ ಜಡೆ ಬಿಟ್ಟುಕೊಂಡು ತೇಲುತ್ತಿತ್ತು.

"ಚದುರಂಗದ ಹಲಗೆ ನೋಡಿದ್ದೀಯಲ್ಲ? ಒಂದು ಮನೆ ಕೊಯ್ಯಿ, ಒಂದು ಮನೆ ಬಿಡು," ಎಂದ.

ಮಂಡಿ ಹೋದ ಮುದುಕ ಪಾಪ, ಅರ್ಧ ಕೆಲಸ ಮಾಡಿಯೇ ರೂಢಿಯಾಗಿದೆ ಎಂದುಕೊಂಡ ವಿಲ್ಫ್ರೆಡ್. ನಾನು ಪೂರಾ ಮಾಡಿ ತೋರಿಸುತ್ತೇನೆ ಎಂದು ಮೂರು ದಿನ ಬಗ್ಗಿಸಿದ ಸೊಂಟ ಎತ್ತದೆ ದುಡಿದು, ಒಂದೆಳೆ ಬಿಡದೆ ಕೊಯ್ದ. ಹೊಳೆ ಕ್ಷೌರ ಮಾಡಿಸಿಕೊಂಡ ಮುಖದ ಹಾಗೆ ನುಣ್ಣಗಾಯಿತು. ಅವನು ದಂಡೆಯಲ್ಲಿ ಕೂತು ಅದನ್ನೇ ನೋಡುತ್ತ ಹೆಮ್ಮೆಯಿಂದ ಬ್ರೆಡ್ಡು ತಿಂದ.

ಮಾರನೆಯ ಬೆಳಿಗ್ಗೆ ಬಂದು ನೋಡಿದರೆ ಮೊಣಕಾಲುದ್ದದ ನೀರು ಪಾದ ಮುಳುಗುವಷ್ಟಕ್ಕೆ ಇಳಿದಿತ್ತು. ಟ್ರೌಟ್ ಮೀನುಗಳೆಲ್ಲ ಸೇತುವೆಯ ಕೆಳಗಿನ ಗುಂಡಿಯೊಂದರಲ್ಲಿ ಒತ್ತಿಕೊಂಡಿದ್ದವು. ಹೊಳೆದಂಡೆಯಲ್ಲಿ ವಾಸಿಸುವ ನೀರಿಲಿಯ ಬಿಲದ ಬಾಯಿ ನೀರಿನೊಳಗೆ ಅಡಗಿರಬೇಕಿತ್ತು, ಈಗ ಗಾಳಿಗೆ ತೆರೆದುಕೊಂಡಿತ್ತು. ಅದರ ಎದುರಿಗೇ ಒಂದು ಕೊಕ್ಕರೆ ಒಂಟಿಕಾಲಲ್ಲಿ ಕಾಯುತ್ತಿತ್ತು.

ಒರತೆಯೇ ಬತ್ತಿತೇನೋ ಎಂದು ವಿಲ್ಫ್ರೆಡ್ ಗುಡ್ಡದ ಬುಡಕ್ಕೆ ಓಡಿದ. ಒರತೆ ಎಂದಿನಂತೆಯೇ ಬುಳುಬುಳು ಉಕ್ಕುತ್ತಿತ್ತು. ಆಗ ಅವನಿಗೆ ಅರ್ಥವಾಯಿತು. ಒರತೆಯ ನೀರು ಕಡಿಮೆಯಾಗಿರಲಿಲ್ಲ, ಇಷ್ಟು ದಿನ ಬಳ್ಳಿಗಳು ತಡೆದು ತಡೆದು ಬಿಡುತ್ತಿದ್ದುದರಿಂದ ಮೇಲೆ ನಿಂತಿತ್ತು. ತಡೆಯುವವರೇ ಇಲ್ಲವೆಂದ ಮೇಲೆ ಸರಸರನೆ ಹರಿದುಹೋಗಿತ್ತು.

ವಾಪಸು ಬರುವಾಗ ಇನ್ನೊಂದು ಯೋಚನೆಯೂ ಬಂತು. ಈ ವರ್ಷ ಮಳೆ ಕಡಿಮೆ, ಒರತೆ ಸೊರಗಿದೆ ಎಂದರಾಯಿತು. ಅಜ್ಜನ ಮಂಡಿಗೆ ಅಲ್ಲಿಯವರೆಗೆ ನಡೆದು ಹೋಗಿ ನೋಡುವ ಶಕ್ತಿ ಎಲ್ಲಿದೆ? ಅಳತೆ ತೆಗೆದ ಕಿಟಕಿ ಕಣ್ಣ ಮುಂದೆ ಬಂತು.

ಅಂಬ್ರೋಸ್ ಕೋಲೂರಿಕೊಂಡು ಸೇತುವೆಯ ಮೇಲೆ ನಿಂತಿದ್ದ.

"ಏನಯ್ಯಾ, ಒರತೆ ಬತ್ತಿತೋ?"

ವಿಲ್ಫ್ರೆಡ್ ಕೊಕ್ಕರೆಯತ್ತ ನೋಡಿದ, ಬಿಲದತ್ತ ನೋಡಿದ.

"ಇಲ್ಲ ಅಜ್ಜಾ. ಒರತೆ ಚೆನ್ನಾಗೇ ಇದೆ. ನೀವು ಹೇಳಿದ್ದನ್ನು ಕೇಳದೆ ಪೂರ್ತಿ ಕೊಯ್ದವನು ನಾನು. ಕೆಲಸ ಕೊಡದಿದ್ದರೂ ಚಿಂತೆಯಿಲ್ಲ, ಆ ಇಲಿಗೆ ಮೊದಲು ಏನು ಮಾಡಬೇಕು ಹೇಳಿ."

"ಮೊದಲು ಕೊಕ್ಕರೆಯನ್ನು ಓಡಿಸು. ಆಮೇಲೆ ಪೊದೆಯ ಕೊಂಬೆ ಕಡಿದು ಹೊರೆ ಕಟ್ಟು," ಎಂದ ಅಂಬ್ರೋಸ್.

ಅಜ್ಜ ದಂಡೆಯಲ್ಲಿ ಕೂತು ಜಾಗ ತೋರಿಸಿದ. ವಿಲ್ಫ್ರೆಡ್ ಹೊರೆಗಳನ್ನು ಒಂದು ಆ ಕಡೆ, ಒಂದು ಈ ಕಡೆ ನೀರಿಗೆ ಇಳಿಸಿ ಗೂಟ ಹೊಡೆದ. ನೋಡಲು ಕಸದ ರಾಶಿಯಂತಿತ್ತು. ಸಂಜೆಯ ಹೊತ್ತಿಗೆ ನೀರು ಮೆಲ್ಲನೆ ಏರಿ ಬಿಲದ ಬಾಯಿ ಮುಚ್ಚಿತು. ಸ್ವಲ್ಪ ಹೊತ್ತಿಗೆ ನೀರಿಲಿ ಈಜಿಕೊಂಡು ಹೊರಬಂದು, ಒಂದು ಹುಲ್ಲುಕಡ್ಡಿ ಹಿಡಿದು ಕಟಕಟ ತಿನ್ನತೊಡಗಿತು. ವಿಲ್ಫ್ರೆಡ್‌ಗೆ ನಗು ತಡೆಯಲಾಗಲಿಲ್ಲ.

"ನಿನಗಿಂತ ಮುಂಚೆ ಇಬ್ಬರು ಬಂದಿದ್ದರು," ಎಂದ ಅಂಬ್ರೋಸ್. "ಅವರೂ ಹೀಗೇ ಬೋಳಿಸಿದರು. ಇಬ್ಬರೂ ಮಳೆಯನ್ನು ದೂರಿದರು. ನನ್ನ ಹೆಂಡತಿ ದಿನಾ ಬೆಳಿಗ್ಗೆ ಆ ಒರತೆಯ ಹತ್ತಿರವೇ ಸೊಪ್ಪು ಕೀಳೋದು. ಒರತೆ ಹೇಗಿದೆ ಅಂತ ತಿಂಡಿಗೆ ಮುಂಚೆಯೇ ನನಗೆ ಗೊತ್ತಿರುತ್ತೆ."

ಅವನು ಜೇಬಿನಿಂದ ಬೀಗದ ಕೈ ತೆಗೆದು ವಿಲ್ಫ್ರೆಡ್‌ನ ಒದ್ದೆ ಅಂಗೈಯಲ್ಲಿಟ್ಟ.

"ಹೋಗು, ಹೆಂಡತಿಗೆ ಪರದೆ ಹೊಲಿಯೋಕೆ ಹೇಳು."

ನೀತಿ: ತಪ್ಪು ಯಾರ ಕೈಯಿಂದಲೂ ಆಗುತ್ತದೆ. ಅದನ್ನು ಮಳೆಯ ತಲೆಗೆ ಕಟ್ಟಿದವನಿಗೆ ತಿದ್ದಲು ಏನೂ ಉಳಿಯುವುದಿಲ್ಲ. ನನ್ನದೇ ತಪ್ಪು ಎಂದು ಒಪ್ಪಿಕೊಂಡವನು ಮಾತ್ರ ಅದನ್ನು ಸರಿಪಡಿಸಬಲ್ಲ.